ಚಪ್ಪರದಡಿಯ ಲ್ಯಾಪ್‌ಟಾಪ್: ಇಬ್ಬರು ಮದುವೆ ಫೋಟೋಗ್ರಾಫರುಗಳ ಒಂದು ಖರೀದಿಯ ಪ್ರಕರಣ

ಹೊರಗಡೆ ಫೋಟೋ ಕೆಲಸಕ್ಕೆ ಹೋಗುವವರು ಯಾವ ಲ್ಯಾಪ್‌ಟಾಪ್ ತಗೊಳ್ಳೋಣ ಎಂದು ಕೇಳಿದರೆ ನಾನು ಈಗ ಮಾಡೆಲ್ ಹೆಸರು ಹೇಳುವುದಿಲ್ಲ. "ನಿಮ್ಮ ಲ್ಯಾಪ್‌ಟಾಪ್ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಮಾಡುತ್ತದೆ, ಬರೆದುಕೊಂಡು ಬನ್ನಿ" ಎನ್ನುತ್ತೇನೆ. ಅರ್ಧ ಜನ ಬೇಜಾರು ಮಾಡಿಕೊಂಡು ಹೋಗುತ್ತಾರೆ. ಈ ಅಭ್ಯಾಸ ನನಗೆ ಹತ್ತಿದ್ದು ಕೆಳಗಿನ ಪ್ರಕರಣದಿಂದ. ಇದರಲ್ಲಿರುವವರ ಹೆಸರು, ಊರು, ಸ್ಟುಡಿಯೊ ಎಲ್ಲವನ್ನೂ ಬಿಟ್ಟಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಇಬ್ಬರೂ ಸಂಬಂಧದಲ್ಲಿ ಭಾವ, ಬಾಮೈದ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಭಾವ ರೀಲ್ ಕಾಲದಿಂದ ಕ್ಯಾಮೆರಾ ಹಿಡಿದವರು. ಬಾಮೈದ ಎಡಿಟಿಂಗ್, ಆಲ್ಬಂ ಡಿಸೈನ್ ನೋಡಿಕೊಳ್ಳುವವನು, ಮದುವೆಗಳಲ್ಲಿ ಎರಡನೇ ಕ್ಯಾಮೆರಾ ಅವನದೇ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೊ. ಘಟ್ಟದ ಮೇಲೆ ಮದುವೆ, ಉಪನಯನ, ಗೃಹಪ್ರವೇಶ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಘಟ್ಟ ಇಳಿದರೆ ಕಂಬಳ. ನಾನು ಇವರಿಗೆ ಪರಿಚಯವಾದದ್ದು ಬೇರೆ ದಾರಿಯಿಂದ. ಆಲ್ಬಂ ಪ್ರಿಂಟ್ ಮಾಡುವ ಲ್ಯಾಬಿನಲ್ಲಿ ಹಲವು ವರ್ಷ ಕಲರ್ ಕರೆಕ್ಷನ್ ಮಾಡಿದವನು ನಾನು. ಈಗ ಆ ಕೆಲಸದಲ್ಲಿಲ್ಲ, ಆದರೂ ಬಣ್ಣ ಕೆಟ್ಟಾಗ ಜನ ಹುಡುಕಿಕೊಂಡು ಬರುತ್ತಾರೆ.

ಒಂದು ಮದುವೆಗೆ ಇಬ್ಬರೂ ಸೇರಿ ಸುಮಾರು 3,500 ಫೋಟೋ ತೆಗೆಯುತ್ತಾರೆ. ಎರಡೂ 24 ಮೆಗಾಪಿಕ್ಸೆಲ್ ಕ್ಯಾಮೆರಾ. ಗುಣಮಟ್ಟ ಕೆಡದಂತೆ ಕುಗ್ಗಿಸಿದ ರಾ ಫೈಲು (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಇಡುವ ಫೈಲು) ಒಂದಕ್ಕೆ 25ರಿಂದ 30 ಎಂಬಿ. ದಿನದ ಕೊನೆಗೆ ಹತ್ತಿರ ಹತ್ತಿರ 100 ಜಿಬಿ ಆಗುತ್ತದೆ. ಮೊದಲೆಲ್ಲ ಇದನ್ನು ಸ್ಟುಡಿಯೊಗೆ ತಂದು ನಿಧಾನಕ್ಕೆ ನೋಡಬಹುದಿತ್ತು. ಈಗ ಬೆಳಗ್ಗೆ ಧಾರೆ ಮುಗಿದರೆ ಸಂಜೆಯ ಆರತಕ್ಷತೆಯಲ್ಲಿ ಎಲ್‌ಇಡಿ ಪರದೆಯ ಮೇಲೆ ಅದೇ ಬೆಳಗಿನ ಫೋಟೋ ಓಡಬೇಕು. ಹುಡುಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಹಾಗಾಗಿ ಲ್ಯಾಪ್‌ಟಾಪು ಚಪ್ಪರದಡಿಗೆ ಬಂತು.

ಎರಡು ಪೆಟ್ಟು

ಇದ್ದದ್ದು 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪು. ತೂಕ ಎರಡೂ ಕಾಲು ಕೆಜಿ, ಜೊತೆಗೆ ಇಟ್ಟಿಗೆಯಂಥ 180 ವಾಟ್ ಚಾರ್ಜರು. ಕರೆಂಟಿಗೆ ಹಾಕಿದ್ದರೆ ಹುಲಿ, ಬ್ಯಾಟರಿಯಲ್ಲಿ ಬೆಕ್ಕು. ಇಂಥ ಯಂತ್ರಗಳು ಬ್ಯಾಟರಿಗೆ ಬಂದ ತಕ್ಷಣ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ವೇಗವನ್ನೂ ತಗ್ಗಿಸಿಕೊಳ್ಳುತ್ತವೆ. ಅದರ ಮೇಲೆ ಇದರ ಬ್ಯಾಟರಿ ಹಳೆಯದು, ಇಪ್ಪತ್ತು ನಿಮಿಷ ತಡೆದರೆ ಹೆಚ್ಚು.

ಮೊದಲ ಪೆಟ್ಟು ಬಿದ್ದದ್ದು ಮೇ ತಿಂಗಳ ಒಂದು ಮದುವೆಯಲ್ಲಿ. ತೋಟದ ಮನೆ, ಅಂಗಳದಲ್ಲಿ ಚಪ್ಪರ. ಧಾರೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಗುಡುಗು ಮಳೆ ಬಂತು, ಕರೆಂಟು ಹೋಯಿತು. ಜನರೇಟರ್ ಇತ್ತು, ಅದರ ತಂತಿ ಮೈಕಿಗೂ ಅಡುಗೆಮನೆಯ ದೀಪಕ್ಕೂ ಹೋಗಿತ್ತೇ ಹೊರತು ಇವರು ಕೂತ ಜಗಲಿಗೆ ಬಂದಿರಲಿಲ್ಲ. ಬಾಮೈದ ಕಾರ್ಡಿನಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ಫೋಟೋ ಹೋಗುತ್ತಿರಲಿ ಎಂದು ಬಿಟ್ಟು ಊಟಕ್ಕೆ ಹೋಗಿದ್ದ. ಹಾಕಿದ್ದು ಕಾಪಿ ಅಲ್ಲ, ಕಟ್: ಡಿಸ್ಕಿಗೆ ಹೋದ ಫೈಲು ಕಾರ್ಡಿನಿಂದ ಅಳಿಸಿಹೋಗುತ್ತದೆ. ಕಾರ್ಡ್ ಖಾಲಿಯಾದರೆ ಸಂಜೆಗೆ ಮತ್ತೆ ಬಳಸಬಹುದು ಎಂಬ ಲೆಕ್ಕ. ಪಾಯಸ ಮುಗಿಸಿ ಬಂದು ನೋಡಿದರೆ ಪರದೆ ಕಪ್ಪು.

ಆ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕದೆ ಬದಿಗಿಟ್ಟದ್ದು ಅವನು ಆ ದಿನ ಮಾಡಿದ ಅತಿ ದೊಡ್ಡ ಬುದ್ಧಿವಂತಿಕೆ. ಅಳಿಸಿದ ಫೈಲಿನ ಜಾಗದ ಮೇಲೆ ಹೊಸದು ಬರೆಯದಿದ್ದರೆ ಹಳೆಯದು ಅಲ್ಲೇ ಇರುತ್ತದೆ. ರಿಕವರಿ ತಂತ್ರಾಂಶದಿಂದ ಬಹುಪಾಲು ಫೋಟೋ ಸಿಕ್ಕಿದವು, ಒಂಬತ್ತು ತೆರೆಯಲಿಲ್ಲ. ಅದರಲ್ಲಿ ಎರಡು ಧಾರೆ ಎರೆಯುವ ಹೊತ್ತಿನದ್ದು. ಭಾವನ ಕ್ಯಾಮೆರಾದಲ್ಲಿ ಅದೇ ಗಳಿಗೆ ಇನ್ನೊಂದು ಕೋನದಿಂದ ಸಿಕ್ಕಿತ್ತು, ಮಾನ ಉಳಿಯಿತು.

ಎರಡನೆಯದು ಬಣ್ಣದ್ದು, ಮತ್ತು ಅದೇ ಅವರನ್ನು ನನ್ನ ಹತ್ತಿರ ಕರೆತಂದದ್ದು. ಒಂದು ಆಲ್ಬಂ ಪ್ರಿಂಟಾಗಿ ಬಂದಾಗ ಎಲ್ಲರ ಮುಖ ಮಂಕು, ಕಪ್ಪು. ಹುಡುಗಿಯ ಕೆಂಪು ರೇಷ್ಮೆ ಸೀರೆ ಮಾತ್ರ ಬೆಂಕಿ ಹೊತ್ತಿದ ಹಾಗೆ, ನೆರಿಗೆಗಳೇ ಕಾಣದಷ್ಟು ಗಾಢ. ಲ್ಯಾಬಿನವರ ಜೊತೆ ಫೋನಿನಲ್ಲಿ ಜಗಳವಾಗಿತ್ತು. ಫೈಲು ತರಿಸಿ ನೋಡಿದೆ. ಲ್ಯಾಬಿನವರ ತಪ್ಪಿರಲಿಲ್ಲ, ಫೈಲೇ ಹಾಗಿತ್ತು. ವಿಚಿತ್ರವೆಂದರೆ ಅದೇ ಮದುವೆಯ ಆರತಕ್ಷತೆಯಲ್ಲಿ ಓಡಿಸಿದ ಫೋಟೋಗಳು ಇದಕ್ಕೆ ಉಲ್ಟಾ: ಬಿಳುಚಿಕೊಂಡು, ಪಂಚೆಯ ಜರಿಯೂ ಕಾಣದಷ್ಟು ಬೆಳಕು. ಮಾಡಿದವನು ಒಬ್ಬನೇ, ಪರದೆಯೂ ಒಂದೇ.

"ಹಗಲು ಎಲ್ಲಿ ಕೂತು ಮಾಡಿದ್ದು, ರಾತ್ರಿ ಎಲ್ಲಿ ಕೂತು ಮಾಡಿದ್ದು?" ಎಂದು ಕೇಳಿದೆ. ಹಗಲು ಅಂಗಳದ ಬೆಳಕಿಗೆ ಎದುರಾಗಿ ಜಗಲಿಯಲ್ಲಿ. ಅಲ್ಲಿ ಪರದೆ ಕಪ್ಪಾಗಿ ಕಂಡಿದೆ, ಹಾಗಾಗಿ ಫೋಟೋದ ಬೆಳಕು ಏರಿಸಿದ್ದಾನೆ. ಆಲ್ಬಮ್ಮಿನ ಕೆಲಸ ಮಾಡಿದ್ದು ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ, ದೀಪ ಆರಿಸಿ. ಹಗಲು ಪೂರ್ತಿ ಏರಿಸಿದ್ದ ಪರದೆಯ ಬ್ರೈಟ್‌ನೆಸ್ ಹಾಗೇ ಇತ್ತು. ಕತ್ತಲಲ್ಲಿ ಅದು ಕಣ್ಣಿಗೆ ಹೊಡೆದಿದೆ, ಫೋಟೋದ ಬೆಳಕು ಇಳಿಸಿದ್ದಾನೆ. ಸೀರೆಯ ಕಥೆ ಬೇರೆ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದಕ್ಕೆ ಎನ್‌ಟಿಎಸ್‌ಸಿ ಎಂಬ ಒಂದು ಅಳತೆಯಿದೆ. ಆ ಲ್ಯಾಪ್‌ಟಾಪಿನ ಪರದೆ ಅದರಲ್ಲಿ 45 ಶೇಕಡಾ ಎಂದು ಗುರುತಿಸುವ ದರ್ಜೆಯದು. ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿ ಅದೇ ಅಳತೆಯಲ್ಲಿ 72. ಅಂದರೆ ಇವರ ಪರದೆ ಎಸ್‌ಆರ್‌ಜಿಬಿಯ 62–63 ಶೇಕಡಾ ಮಾತ್ರ ತೋರಿಸುತ್ತಿತ್ತು. ಅದರಲ್ಲಿ ಕೆಂಪು ಯಾವಾಗಲೂ ಇಟ್ಟಿಗೆ ಬಣ್ಣದ ಕಡೆಗೆ ವಾಲುತ್ತದೆ. ಬಾಮೈದ ಸೀರೆ ಸೀರೆಯ ಹಾಗೆ ಕಾಣಲಿ ಎಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುತ್ತ ಹೋಗಿದ್ದಾನೆ. ಪರದೆಗೆ ತೋರಿಸಲು ಬಾರದ ಕೆಂಪು ಫೈಲಿನಲ್ಲಿ ತುಂಬಿ ತುಳುಕಿ, ನೆರಿಗೆಗಳು ಮುಚ್ಚಿಹೋಗಿದ್ದವು.

ಆಲ್ಬಂ ಸ್ವಂತ ಖರ್ಚಿನಲ್ಲಿ ಮತ್ತೊಮ್ಮೆ ಪ್ರಿಂಟಾಯಿತು. ಹೊಸ ಲ್ಯಾಪ್‌ಟಾಪ್ ಬೇಕು ಎಂದು ಇಬ್ಬರೂ ಒಪ್ಪಿದರು. ಎಂಥದ್ದು ಎಂಬಲ್ಲಿ ಒಮ್ಮತ ಇರಲಿಲ್ಲ. ಬಜೆಟ್ 90 ಸಾವಿರ.

ಮೊದಲು ಯೋಚಿಸಿದ್ದು, ಪ್ರಯತ್ನಿಸಿದ್ದು

ಬಾಮೈದನಿಗೆ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಅವನ ವಾದ ಪೊಳ್ಳಲ್ಲ. ಫೋಟೋ ಆರಿಸಿ ತಿದ್ದುವ ತಂತ್ರಾಂಶ ಲೈಟ್‌ರೂಮ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ರಾತ್ರಿ ಫೋಟೋದ ಕಾಳುಕಾಳನ್ನು ತೆಗೆಯುತ್ತದೆ, ಅದು ಓಡುವುದು ಗ್ರಾಫಿಕ್ಸ್ ಬಲದ ಮೇಲೆಯೇ. ಕಂಬಳದ ರಾತ್ರಿ ಓಟ ತೆಗೆಯುವವರಿಗೆ ಅದು ವರದಾನ. ಭಾವ ಮಾತ್ರ, "ಇರೋದಕ್ಕೆ ಹೊಸ ಬ್ಯಾಟರಿ ಹಾಕಿಸು ಮಾರಾಯ, ಸಾಕು" ಎನ್ನುತ್ತಿದ್ದರು.

ನಡುವೆ ಒಂದು ಅವಕಾಶ ಒದಗಿತು. ರಜೆಗೆ ಬಂದ ನೆಂಟರ ಹುಡುಗಿಯ ಹತ್ತಿರ ಎಂ1 ಮ್ಯಾಕ್‌ಬುಕ್ ಏರ್ ಇತ್ತು, 8 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್. ಅದನ್ನು ಎರಡು ದಿನದ ಮದುವೆಗೆ ಒಯ್ದರು. ಬ್ಯಾಟರಿ ನೋಡಿ ಭಾವ ದಂಗಾದರು. ಬೆಳಗ್ಗೆ ತೆಗೆದದ್ದನ್ನು ಸಂಜೆವರೆಗೆ ಚಾರ್ಜಿಗೇ ಹಾಕಲಿಲ್ಲ. ತೂಕ 1.29 ಕೆಜಿ, ಪರದೆಯೂ ಚೆನ್ನ. ಆದರೆ ಎರಡನೇ ದಿನ ಮಧ್ಯಾಹ್ನಕ್ಕೆ ಸ್ಟೋರೇಜ್ ತುಂಬಿತು. ಪೋರ್ಟ್ ಇರುವುದೇ ಎರಡು: ಒಂದಕ್ಕೆ ಕಾರ್ಡ್ ರೀಡರ್, ಇನ್ನೊಂದಕ್ಕೆ ಡಿಸ್ಕ್ ಹಾಕಿದರೆ ಚಾರ್ಜರಿಗೆ ಜಾಗವಿಲ್ಲ. ಫ್ಯಾನ್ ಇಲ್ಲದ ಯಂತ್ರ, ಮೇ ತಿಂಗಳ ಮಧ್ಯಾಹ್ನ ಶೀಟಿನ ಕೆಳಗೆ ಮುಟ್ಟಿದರೆ ಕೈ ಸುಡುವಂತಾಗಿ ಫೋಟೋ ಎಕ್ಸ್‌ಪೋರ್ಟ್ ಕುಂಟತೊಡಗಿತು.

ಮ್ಯಾಕ್ ಬೇಡವೆಂದು ಅವರು ತೀರ್ಮಾನಿಸಿದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಸ್ಲೈಡ್‌ಶೋದ ಶುರುವಿಗೆ "ಚಿ. ರಾ." "ಚಿ. ಸೌ." ಎಂದು ಹೆಸರು ಬರೆಯುವ ಪಟ್ಟಿ, ಆಲ್ಬಂ ಮುಖಪುಟ, ಎಲ್ಲವೂ ಹತ್ತಾರು ವರ್ಷದಿಂದ ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಮಾಡಿಟ್ಟ ಫೋಟೋಶಾಪ್ ಫೈಲುಗಳು. ನುಡಿ ವಿಂಡೋಸ್‌ಗೆಂದು ಮಾಡಿದ್ದು. ಮದುಮಗನ ಹೆಸರು ಬದಲಿಸಲು ಹೋಗಿ ಮ್ಯಾಕ್‌ನಲ್ಲಿ ಟೈಪ್ ಮಾಡಲಾಗದೆ ಬಾಮೈದ ಕೊನೆಗೆ ಮೊಬೈಲಿನಲ್ಲಿ ಬರೆದು ಚಿತ್ರವಾಗಿ ಅಂಟಿಸಿದ. ಎಲ್ಲ ಯಂತ್ರಗಳಲ್ಲೂ ನಡೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಾಗಬಹುದಿತ್ತು. ಫೋಟೋಶಾಪ್‌ನಲ್ಲಿ ಪಠ್ಯದ ಆಯ್ಕೆ ಬದಲಿಸಿದರೆ ಒತ್ತಕ್ಷರ ಸರಿಯಾಗಿಯೇ ಬರುತ್ತದೆ ಎಂದು ತೋರಿಸಿದೆ. "ಸೀಸನ್ ಮುಗೀಲಿ" ಎಂದ. ಸೀಸನ್ ಯಾವತ್ತೂ ಮುಗಿಯುವುದಿಲ್ಲ ಎಂಬುದು ನನಗೂ ಗೊತ್ತು. ಕನ್ನಡದಲ್ಲಿ ಕೆಲಸ ಮಾಡುವವರು ಯಂತ್ರ ಆರಿಸುವಾಗ ಇಂಥದ್ದನ್ನು ಯಾವ ವಿಡಿಯೊ ವಿಮರ್ಶೆಯೂ ಹೇಳಿಕೊಡುವುದಿಲ್ಲ.

200 ಪುಟದ ನೋಟ್‌ಬುಕ್

ಪ್ರಕರಣ ತಿರುಗಿದ್ದು ಇಲ್ಲಿ. ಮುಂದಿನ ಮದುವೆಗೆ ಹಳೆಯ ಗೇಮಿಂಗ್ ಲ್ಯಾಪ್‌ಟಾಪನ್ನೇ ಒಯ್ಯಿರಿ, ಆದರೆ ಅದು ಏನು ಮಾಡಿತು, ಎಷ್ಟು ಹೊತ್ತು ಮಾಡಿತು ಎಂದು ಬರೆದಿಡಿ ಎಂದೆ. ಮಗಳ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬಾಮೈದ ಬರೆದು ತಂದ. ನಡುವೆ ಸಾರಿನ ಕಲೆ.

ಕಾರ್ಡಿನಿಂದ ಮೊದಲ ಕಾಪಿಗೆ 54 ನಿಮಿಷ. ಅದೇ ಕಾರ್ಡಿನಿಂದ ಎರಡನೇ ಡಿಸ್ಕಿಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಫೋಟೋ ಆರಿಸಲು ಕೂತ ಮೇಲೆ ಲೈಟ್‌ರೂಮ್ ಪ್ರಿವ್ಯೂ (ಪರದೆಯ ಮೇಲೆ ನೋಡಲು ಬೇಕಾದ ಚಿತ್ರ) ಮಾಡಿಕೊಳ್ಳುವವರೆಗೆ ಕಾದದ್ದು 40 ನಿಮಿಷ. ಆರಿಸಿದ್ದು ಒಂದು ಗಂಟೆ. ಸ್ಲೈಡ್‌ಶೋಗೆ 80 ಫೋಟೋ ತಿದ್ದಿದ್ದು 35 ನಿಮಿಷ. ಎಕ್ಸ್‌ಪೋರ್ಟ್ 6 ನಿಮಿಷ. ಪ್ಲಗ್ ಪಾಯಿಂಟ್ ಹುಡುಕಿ ಅಲೆದದ್ದು, ಎಂಟೆಂಟು ಮೀಟರಿನ ಎಕ್ಸ್‌ಟೆನ್ಷನ್ ವೈರ್ ಎಳೆದದ್ದು 25 ನಿಮಿಷ.

ಹೊಸ ಗ್ರಾಫಿಕ್ಸ್ ಕಾರ್ಡ್ ಈ ಪಟ್ಟಿಯಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತಿತ್ತು? ಆ 6 ನಿಮಿಷದಲ್ಲಿ, ತಿದ್ದುವ 35 ನಿಮಿಷದಲ್ಲಿ ಸ್ವಲ್ಪ. ಬಾಮೈದ ಪಟ್ಟಿಯನ್ನು ಎರಡು ಸಲ ಓದಿ, "ಇದು ನನಗೆ ಗೊತ್ತೇ ಇತ್ತು, ಆದ್ರೆ ಗೊತ್ತಿರ್ಲಿಲ್ಲ" ಎಂದ.

ಕಾಪಿಯ ಲೆಕ್ಕ ಹಾಕಿದೆವು. 100 ಜಿಬಿಗೆ 54 ನಿಮಿಷ ಎಂದರೆ ಸೆಕೆಂಡಿಗೆ 31 ಎಂಬಿ. ಇದು ಯುಎಸ್‌ಬಿ 2.0 ದಾರಿಯ ವೇಗ. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ 3 ಇತ್ತು, ಕಾರ್ಡ್ ಒಳ್ಳೆಯದಿತ್ತು, ನಡುವಿನ ರೀಡರ್ ಮಾತ್ರ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಿಂದ 150 ರೂಪಾಯಿಗೆ ತಂದದ್ದು. ಅವರ ಕಾರ್ಡುಗಳು ಯುಎಚ್‌ಎಸ್-1 ದರ್ಜೆಯವು, ಆ ದರ್ಜೆಯ ಮಿತಿ ಸೆಕೆಂಡಿಗೆ 104 ಎಂಬಿ. ನನ್ನ ಹತ್ತಿರವಿದ್ದ ಒಳ್ಳೆಯ ರೀಡರ್ ಹಾಕಿ, ಅದೇ ಹಳೆಯ ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿಗಿಂತ ವೇಗದ ಸ್ಟೋರೇಜ್) ಕಾಪಿ ಮಾಡಿದರೆ 20 ನಿಮಿಷದಲ್ಲಿ ಮುಗಿಯಿತು.

ಪ್ರಿವ್ಯೂಗೆ ಕಾಯುವುದಕ್ಕಂತೂ ದುಡ್ಡೇ ಬೇಕಿರಲಿಲ್ಲ. ಪ್ರತಿ ರಾ ಫೈಲಿನೊಳಗೂ ಕ್ಯಾಮೆರಾ ಒಂದು ಜೆಪೆಗ್ ಇಟ್ಟಿರುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇಂಪೋರ್ಟ್ ಮಾಡುವಾಗ ಹೊಸ ಪ್ರಿವ್ಯೂ ಕಟ್ಟುವ ಬದಲು ಆ ಒಳಗಿನ ಜೆಪೆಗ್ ಬಳಸು ಎಂದು ಹೇಳುವ ಆಯ್ಕೆ 2017ರಿಂದ ಇದೆ. ಅದನ್ನು ಬದಲಿಸಿದ ಮೇಲೆ 40 ನಿಮಿಷದ ಕಾಯುವಿಕೆ ಕೆಲವೇ ನಿಮಿಷಕ್ಕಿಳಿಯಿತು. ಆರಿಸುವಾಗ ಬೇಕಿರುವುದು ಕಣ್ಣು ಮುಚ್ಚಿದೆಯೋ, ಫೋಕಸ್ ತಪ್ಪಿದೆಯೋ ಎಂಬುದಷ್ಟೇ. ಅದಕ್ಕೆ ಒಳಗಿನ ಜೆಪೆಗ್ ಧಾರಾಳ ಸಾಕು.

ಭಾವ ಆಗ ಕೇಳಿದ ಪ್ರಶ್ನೆ ನ್ಯಾಯವಾದದ್ದು. "ಹಾಗಾದ್ರೆ ಹೊಸದು ಯಾಕೆ ಬೇಕು?"

ಎರಡು ಕಾರಣಕ್ಕೆ: ಪರದೆ ಮತ್ತು ಕರೆಂಟು. ಇವೆರಡನ್ನೂ ಹಳೆಯದರಲ್ಲಿ ರಿಪೇರಿ ಮಾಡುವಂತಿರಲಿಲ್ಲ. 180 ವಾಟ್ ಚಾರ್ಜರನ್ನು ಕಾರಿನಿಂದ ಓಡಿಸುವುದು ಕಷ್ಟ. ಹೊಸ ಬ್ಯಾಟರಿ ಹಾಕಿದರೂ ಒಂದು ಗಂಟೆಯ ಮಾತು. ಪರದೆ ಬದಲಿಸಬಹುದು, ಆದರೆ ಹೊಂದುವ ಒಳ್ಳೆಯ ಪ್ಯಾನೆಲ್ ಹುಡುಕಿ ಹಾಕಿಸುವ ಖರ್ಚಿಗೆ ಆ ಯಂತ್ರ ಯೋಗ್ಯವಾಗಿರಲಿಲ್ಲ.

ಅಂಗಡಿಯಲ್ಲಿ

ಹೊರಗಿನ ಕೆಲಸದ ಯಂತ್ರ ಬೇರೆ, ಸ್ಟುಡಿಯೊದ ಯಂತ್ರ ಬೇರೆ ಎಂದು ಒಪ್ಪಿದ ಮೇಲೆ ಆಯ್ಕೆ ಸುಲಭವಾಯಿತು. ಆಲ್ಬಮ್ಮಿನ 12×36 ಇಂಚಿನ ಹಾಳೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3,600×10,800 ಪಿಕ್ಸೆಲ್. ಅದರ ಮೇಲೆ ಹತ್ತಿಪ್ಪತ್ತು ಲೇಯರ್ ಪೇರಿಸುವ ಭಾರದ ಕೆಲಸ ಸ್ಟುಡಿಯೊದಲ್ಲೇ ಉಳಿಯಲಿ. ಚಪ್ಪರಕ್ಕೆ ಹೋಗುವುದು ಕಾಪಿ ಮಾಡಬೇಕು, ಆರಿಸಬೇಕು, 80 ಫೋಟೋ ತಿದ್ದಬೇಕು, ಬಣ್ಣದಲ್ಲಿ ಸುಳ್ಳು ಹೇಳಬಾರದು, ಕರೆಂಟು ಹೋದರೆ ಹೆದರಬಾರದು.

ಜಿಲ್ಲಾ ಕೇಂದ್ರದ ಅಂಗಡಿಗೆ ಮೂವರೂ ಹೋದೆವು. ಜೇಬಿನಲ್ಲಿ ಎರಡು ವಸ್ತು ಇತ್ತು: ಅವರದೇ 50 ರಾ ಫೈಲುಗಳಿದ್ದ ಸಣ್ಣ ಎಸ್‌ಎಸ್‌ಡಿ, ಮತ್ತು ಲ್ಯಾಬಿನಿಂದ ಸರಿಯಾಗಿ ಪ್ರಿಂಟಾಗಿ ಬಂದ ಒಂದು 8×12 ಫೋಟೋ. ಅದರಲ್ಲಿ ಕೆಂಪು ರೇಷ್ಮೆ, ಅರಿಶಿನದ ಕೈ, ಮುತ್ತೈದೆಯೊಬ್ಬರ ಕಪ್ಪು ಮೈಬಣ್ಣ, ಬಿಳಿ ಪಂಚೆ ನಾಲ್ಕೂ ಇದ್ದವು. ಪ್ರತಿ ಪರದೆಯ ಪಕ್ಕ ಆ ಪ್ರಿಂಟ್ ಹಿಡಿದು ಅದೇ ಫೈಲು ತೆರೆದು ನೋಡಿದೆವು. ಅಂಗಡಿಯ ಹುಡುಗ ಪ್ರೊಸೆಸರ್ ತಲೆಮಾರಿನ ಬಗ್ಗೆ ಹೇಳುತ್ತಲೇ ಇದ್ದ, ಭಾವ ಸೀರೆಯನ್ನು ನೋಡುತ್ತಲೇ ಇದ್ದರು.

ಇಲ್ಲೊಂದು ಕಡೆ ಎಡವುವುದರಲ್ಲಿದ್ದೆವು. ಒಂದು ತೆಳು ಲ್ಯಾಪ್‌ಟಾಪಿನ ವಿವರದಲ್ಲಿ ಕಾರ್ಡ್ ರೀಡರ್ ಇದೆ ಎಂದಿತ್ತು. ಬಾಮೈದ ಖುಷಿಯಾಗಿ ಕ್ಯಾಮೆರಾ ಕಾರ್ಡ್ ತೂರಿಸಲು ಹೋದರೆ ಅದು ಮೊಬೈಲಿನ ಮೈಕ್ರೊ ಎಸ್‌ಡಿಗೆ ಮಾತ್ರ ಇದ್ದ ಕಿಂಡಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಮನೆಗೆ ಬಂದ ಮೇಲೆ ತಿಳಿಯುತ್ತಿತ್ತು.

ಓಎಲ್‌ಇಡಿ ಪರದೆಯ ಒಂದು ಯಂತ್ರ ಬಣ್ಣದಲ್ಲಿ ಎಲ್ಲವನ್ನೂ ಮೀರಿಸಿತು. ಬಾಮೈದ ಅದಕ್ಕೇ ಮನಸೋತ. ನಾನು ಅಡ್ಡಬಂದೆ. ಕನ್ನಡಿಯಂತೆ ಹೊಳೆಯುವ ಮೈ, ಅಂಗಳದ ಬೆಳಕಿನಲ್ಲಿ ಫೋಟೋಗಿಂತ ನಮ್ಮ ಮುಖವೇ ಹೆಚ್ಚು ಕಾಣುತ್ತದೆ. ಅದರ ಕಡುಕಪ್ಪನ್ನು ಕಾಗದ ಯಾವತ್ತೂ ತೋರಿಸಲಾರದು, ಪ್ರಿಂಟ್ ಬಂದಾಗ ಮತ್ತೆ ಬೇಸರ. ಇದು ನನ್ನ ಅಭಿಪ್ರಾಯ, ಲ್ಯಾಬಿನಲ್ಲಿ ಕೂತು ಬೆಳೆದವನ ಪಕ್ಷಪಾತವೂ ಹೌದು. ಪ್ರಿಂಟೇ ಮಾಡಿಸದೆ ಮೊಬೈಲಿಗೆ ಮಾತ್ರ ಫೋಟೋ ಕೊಡುವವರಿಗೆ ಬೇರೆ ಉತ್ತರ ಇರಬಹುದು.

ಕೊನೆಗೆ ತಗೊಂಡದ್ದು 14 ಇಂಚಿನ, ಕಚೇರಿ ಬಳಕೆಗೆಂದು ಮಾರುವ ವಿಂಡೋಸ್ ಲ್ಯಾಪ್‌ಟಾಪು. ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ, 400 ನಿಟ್ಸ್ ಬೆಳಕಿನ, ಹೊಳೆಯದ ಮೇಲ್ಮೈಯ ಪರದೆ. 16 ಜಿಬಿ ರ್‍ಯಾಮ್, 1 ಟಿಬಿ ಎಸ್‌ಎಸ್‌ಡಿ. ಎರಡು ಯುಎಸ್‌ಬಿ ಸಿ, ಎರಡು ಹಳೆಯ ಯುಎಸ್‌ಬಿ, ಒಂದು ಎಚ್‌ಡಿಎಂಐ. ತೂಕ 1.4 ಕೆಜಿ. ಮುಖ್ಯ ಸಂಗತಿ, 65 ವಾಟ್ ಯುಎಸ್‌ಬಿ ಸಿ ಚಾರ್ಜಿಂಗ್. ಅಂದರೆ ಕಾರಿನ ಕಿಂಡಿಗೆ ಹಾಕುವ ಸಣ್ಣ ಚಾರ್ಜರಿನಿಂದಲೂ, ದೊಡ್ಡ ಪವರ್ ಬ್ಯಾಂಕಿನಿಂದಲೂ ತುಂಬಿಸಬಹುದು. ಲ್ಯಾಪ್‌ಟಾಪಿಗೆ 72 ಸಾವಿರ. ಉಳಿದ ದುಡ್ಡಿನಲ್ಲಿ ಕಾರ್ಡ್ ರೀಡರ್, 1 ಟಿಬಿ ಹೊರಗಿನ ಎಸ್‌ಎಸ್‌ಡಿ, ಕಾರ್ ಚಾರ್ಜರ್. ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರನ್ನು ಊರಿನ ನಾಲ್ವರು ಫೋಟೋಗ್ರಾಫರುಗಳು ಪಾಲು ಹಾಕಿ ತಂದರು. ತಿಂಗಳಿಗೊಮ್ಮೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ.

ಆಮೇಲೆ ಏನಾಯಿತು

ಮೊದಲ ಪರೀಕ್ಷೆ ಕಂಬಳದಲ್ಲಿ. ನಾನೂ ಹೋಗಿದ್ದೆ. ಕಂಬಳದ ಕನೆಹಲಗೆ ವಿಭಾಗದ ಕೋಣಗಳು ನಿಶಾನೆಗೆ, ಅಂದರೆ ಎತ್ತರದಲ್ಲಿ ಕಟ್ಟಿದ ಗುರುತಿಗೆ, ನೀರು ಹಾರಿಸುವ ಒಂದು ಕ್ಷಣಕ್ಕೆ ಭಾವ ಬಿಡದೆ ಬಟನ್ ಒತ್ತುತ್ತಾರೆ. ರಾತ್ರಿ ಮುಗಿಯುವಾಗ 6,000 ದಾಟಿತ್ತು. ಬಾಮೈದ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಚಾರ್ಜರ್ ಹಾಕಿಕೊಂಡು, ಒಂದು ಕಾರ್ಡ್ ಬರುತ್ತಿದ್ದಂತೆ ಹಿಂದಿನದನ್ನು ಆರಿಸುತ್ತ ಹೋದ. ನಸುಕಿಗೆ ಕೋಣದ ಯಜಮಾನರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಹೋಗಿತ್ತು.

ಡಿನಾಯ್ಸ್ ವಿಷಯದಲ್ಲಿ ಬಾಮೈದನ ಭಯ ನಿಜವಾಯಿತು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಈ ಯಂತ್ರದಲ್ಲಿ ಒಂದೊಂದು ಫೋಟೋಗೆ ನಿಮಿಷಗಟ್ಟಲೆ ಬೇಕು. ಹತ್ತು ಫೋಟೋಗೆ ಮಾಡಿ ಕೈಬಿಟ್ಟ. ಉಳಿದದ್ದನ್ನು ಮನೆಯಲ್ಲಿ ಹಳೆಯ ಗೇಮಿಂಗ್ ಲ್ಯಾಪ್‌ಟಾಪು ರಾತ್ರಿಯಿಡೀ ಮಾಡಿತು. ಅದೀಗ ಒಳ್ಳೆಯ ಮಾನಿಟರಿಗೆ ಕಟ್ಟಿಕೊಂಡು ಮೇಜು ಬಿಟ್ಟು ಏಳುವುದಿಲ್ಲ. ಮಾರಿದ್ದರೆ 20 ಸಾವಿರ ಬರುತ್ತಿತ್ತೇನೋ. ಮಾರದಿದ್ದದ್ದೇ ಒಳ್ಳೆಯ ನಿರ್ಧಾರ.

ಬಣ್ಣದ ಸಮಸ್ಯೆ ಯಂತ್ರ ಬದಲಾದ ಮಾತ್ರಕ್ಕೆ ಹೋಗಲಿಲ್ಲ. ಮೊದಲ ಆಲ್ಬಂ ಮತ್ತೆ ಸ್ವಲ್ಪ ಕಪ್ಪಾಗಿಯೇ ಬಂತು. ಕಾರಣ ಅದೇ, ಹಗಲಿನ ಬ್ರೈಟ್‌ನೆಸ್ ರಾತ್ರಿಗೂ ಉಳಿದಿತ್ತು. ಆಮೇಲೆ ಒಂದು ಪದ್ಧತಿ ಮಾಡಿಕೊಂಡರು. ಪ್ರಿಂಟಿಗೆ ಹೋಗುವುದನ್ನು ತಿದ್ದುವುದು ಕೋಣೆಯ ದೀಪ ಹಾಕಿ, ಪರದೆ 120 ನಿಟ್ಸ್‌ಗೆ ಇಳಿಸಿ ಮಾತ್ರ. ಹೊರಗಡೆ ಬೆಳಕಿನ ತೀರ್ಪು ಕಣ್ಣಿನದ್ದಲ್ಲ, ಫೋಟೋದ ಬೆಳಕು-ಕತ್ತಲಿನ ಹಂಚಿಕೆ ತೋರಿಸುವ ನಕ್ಷೆ ಹಿಸ್ಟೋಗ್ರಾಂನದ್ದು. ಆ 8×12 ಪ್ರಿಂಟ್ ಲ್ಯಾಪ್‌ಟಾಪ್ ಚೀಲದಲ್ಲೇ ಇರುತ್ತದೆ. ಈಗ ಅದರ ಮೂಲೆಗಳು ಮಡಚಿವೆ, ಅರಿಶಿನದ ಕೈಯ ಮೇಲೆ ನಿಜವಾದ ಅರಿಶಿನವೂ ಅಂಟಿದೆ. ಎಲ್‌ಇಡಿ ಪರದೆಯವರು ತರುವ ನೀಲಿ ಛಾಯೆಗೆ ಮಾತ್ರ ಯಾರ ಹತ್ತಿರವೂ ಮದ್ದಿಲ್ಲ.

ಕಟ್ ಮಾಡುವ ಅಭ್ಯಾಸ ಹೋಯಿತು. ಕಾರ್ಡಿನಿಂದ ಒಳಗಿನ ಎಸ್‌ಎಸ್‌ಡಿಗೆ ಕಾಪಿ, ಅಲ್ಲಿಂದ ಹೊರಗಿನ ಎಸ್‌ಎಸ್‌ಡಿಗೆ ಇನ್ನೊಂದು. ಈ ಎರಡನೆಯದು ಐದೇ ನಿಮಿಷದ ಕೆಲಸ. ಸ್ಟುಡಿಯೊ ತಲುಪುವವರೆಗೆ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಇದಕ್ಕೆ ನಾಲ್ಕು ಕಾರ್ಡ್ ಹೆಚ್ಚಿಗೆ ಕೊಳ್ಳಬೇಕಾಯಿತು. ಬಜೆಟ್ಟಿನಲ್ಲಿ ಇದನ್ನು ನಾನು ಬರೆಸಿರಲಿಲ್ಲ, ಅದು ನನ್ನ ತಪ್ಪು.

ಮತ್ತೆ ಕೂತು ಆರಿಸುವುದಾದರೆ ನಾನು ಕ್ರಮವನ್ನೇ ತಿರುಗಿಸುತ್ತಿದ್ದೆ. ಮೊದಲು ರೀಡರ್, ಕಾರ್ಡ್, ಲೈಟ್‌ರೂಮ್ ಸೆಟ್ಟಿಂಗ್ ಸರಿಮಾಡಿ ಒಂದು ತಿಂಗಳು ಕಳೆಯಲು ಹೇಳುತ್ತಿದ್ದೆ. ಆಮೇಲೂ ಉಳಿದ ತೊಂದರೆಗೆ ಮಾತ್ರ ಲ್ಯಾಪ್‌ಟಾಪ್. ಇವರ ವಿಷಯದಲ್ಲಿ ಪರದೆ, ಕರೆಂಟು ಎರಡೂ ಉಳಿಯುತ್ತಿದ್ದವು. ನಗರದ ಕಲ್ಯಾಣ ಮಂಟಪಗಳಲ್ಲೇ ಕೆಲಸ ಮಾಡುವ, ಪ್ರತಿ ಕಂಬಕ್ಕೂ ಪ್ಲಗ್ ಪಾಯಿಂಟ್ ಇರುವ ಇನ್ನೊಬ್ಬರಿಗೆ ಉಳಿಯದೇ ಹೋಗಬಹುದು.

ಕಳೆದ ವಾರ ಭಾವ ಫೋನ್ ಮಾಡಿದ್ದರು. 45 ಮೆಗಾಪಿಕ್ಸೆಲ್ ಕ್ಯಾಮೆರಾ ನೋಡಿದ್ದಾರಂತೆ. ಹಿಂದಿನಿಂದ ಬಾಮೈದ ಕೂಗುತ್ತಿದ್ದ: "ಭಾವ, ಫೈಲು ಹೆಚ್ಚುಕಡಿಮೆ ಡಬಲ್ ಆಗ್ತದೆ, ಮೊದ್ಲು ಲೆಕ್ಕ ಹಾಕ್ವ!" ನೋಟ್‌ಬುಕ್ಕಿನ ಮುಂದಿನ ಪುಟ ತೆರೆದಿದ್ದಾರೆ.